ಮೌನಕ್ಕೆ ಸಿಕ್ಕ ರಕ್ಷಣೆ ಮಾತಿಗೂ ಬೇಕು

ನೋಯ್ಡಾದಿಂದ ಬ್ಲೂ ಲೈನ್ ಮೆಟ್ರೊದಲ್ಲಿ ಕಚೇರಿಗೆ ಹೋಗುವಾಗ ದಿನವೂ ‘ಸುಪ್ರೀಂ ಕೋರ್ಟ್’ ನಿಲ್ದಾಣ ದಾಟುತ್ತೇನೆ. ಹಿಂದೆ ಇದು ಪ್ರಗತಿ ಮೈದಾನ ನಿಲ್ದಾಣವಾಗಿತ್ತು. ಇಲ್ಲಿನ ಸರ್ವೋಚ್ಚ ನ್ಯಾಯಾಲಯ 1986ರ ಆಗಸ್ಟ್ 11ರಂದು ಕೇರಳದ ಮೂವರು ಶಾಲಾ ಮಕ್ಕಳ ಪರವಾಗಿ ಒಂದು ತೀರ್ಪು ಕೊಟ್ಟಿತು. ಶಾಲೆಗೆ ಹೋಗುವ ಮಕ್ಕಳಿರುವ ಪ್ರತಿ ಮನೆಯೂ ತಿಳಿದಿರಬೇಕಾದ ತೀರ್ಪು ಅದು.

ಬಿಜೋ ಇಮ್ಯಾನ್ಯುಯಲ್ ಮತ್ತು ಅವನ ಇಬ್ಬರು ತಂಗಿಯರು ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1985ರ ಜುಲೈನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಹಾಡಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ, ಈ ಕ್ರಮ ಸಂವಿಧಾನದ 19(1)(ಎ) ಮತ್ತು 25ನೇ ವಿಧಿಗಳಿಗೆ ವಿರುದ್ಧ ಎಂದಿತು ಕೋರ್ಟ್. ತೀರ್ಪು ಬರೆದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ನಮಗೆ ಹೊಸಬರಲ್ಲ. ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1990ರಲ್ಲಿ ವರದಿ ಕೊಟ್ಟವರು ಅವರೇ.

19ನೇ ವಿಧಿ ‘ಎಲ್ಲ ನಾಗರಿಕರಿಗೂ’ ಎನ್ನುತ್ತದೆ. ಮತ ಹಾಕಲು ವಯಸ್ಸಿನ ಮಿತಿಯಿದೆ, ಮಾತನಾಡಲು ಇಲ್ಲ. ಆದರೆ ಆ ಮಕ್ಕಳು ಗೆದ್ದದ್ದು ಸುಮ್ಮನಿರುವ ಹಕ್ಕನ್ನು. ಮಗು ಬಾಯಿ ತೆರೆದಾಗ ಏನಾಗುತ್ತದೆ ಎಂಬುದನ್ನು ನಮ್ಮ ಬೀದರ್ ನೋಡಿದೆ.

2020ರ ಜನವರಿಯಲ್ಲಿ ಅಲ್ಲಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕವಾಡಿದರು. ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲು ಸೇರಿದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರದಲ್ಲಿ, ಶಸ್ತ್ರ ಹಿಡಿದು ನಡೆಸಿದ ಈ ವಿಚಾರಣೆಯನ್ನು 2021ರಲ್ಲಿ ಹೈಕೋರ್ಟ್ ಆಕ್ಷೇಪಿಸಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಪ್ರಕರಣವನ್ನೇ ರದ್ದುಪಡಿಸಿತು. ಆದರೆ ಸರ್ಕಾರದ ನೀತಿಗಳನ್ನು ಟೀಕಿಸುವುದನ್ನು ಮಕ್ಕಳಿಗೆ ಕಲಿಸಬಾರದು ಎಂಬ ಬುದ್ಧಿಮಾತೂ ಅದೇ ತೀರ್ಪಿನಲ್ಲಿದೆ. ದೊಡ್ಡವರು ಬಿಡುಗಡೆಯಾದರು, ಮಕ್ಕಳ ಮಾತು ಅಲ್ಲೇ ಉಳಿಯಿತು.

ಇಲ್ಲಿ ದೆಹಲಿ ಸುತ್ತಮುತ್ತ ಯಾರೂ ಕೇಸು ಹಾಕುವ ತನಕ ಕಾಯುವುದಿಲ್ಲ. ಒಂಬತ್ತನೇ ತರಗತಿಯ ನನ್ನ ಮಗಳು ನವೆಂಬರ್‌ನ ಹೊಗೆಯ ಬಗ್ಗೆ ಅಸೆಂಬ್ಲಿಗೆಂದು ಮೂರು ನಿಮಿಷದ ಭಾಷಣ ಬರೆದಿದ್ದಳು. ‘ಪ್ರತಿ ಚಳಿಗಾಲ ಶಾಲೆ ಮುಚ್ಚಿಸುವ ಸರ್ಕಾರಗಳು ಗಾಳಿಯನ್ನೇಕೆ ಸರಿ ಮಾಡುವುದಿಲ್ಲ?’ ಎಂಬ ಸಾಲಿಗೆ ಮಾತ್ರ ಟೀಚರ್ ಕೆಂಪು ಗೆರೆ ಎಳೆದರು. ‘ಗಿಡ ನೆಡೋಣ’ ಎಂಬ ಸಾಲು ಉಳಿಯಿತು. ಟೀಚರನ್ನು ನಾನು ದೂರಲಾರೆ. ನಾಳೆ ವಿಡಿಯೊ ಹರಿದಾಡಿದರೆ ಕೆಲಸ ಕಳೆದುಕೊಳ್ಳುವವರು ಅವರೇ.

ಪರ ಊರಿನಲ್ಲಿರುವ ನಮಗಂತೂ ‘ಊರ ಉಸಾಬರಿ ನಮಗ್ಯಾಕೆ’ ಎಂಬುದು ಅಭ್ಯಾಸವಾಗಿಬಿಟ್ಟಿದೆ. ಆದರೆ ಕಾನೂನು ನಮ್ಮ ಪರವಾಗಿದೆ. ಎಂಟನೇ ತರಗತಿವರೆಗಿನ ಪಠ್ಯಕ್ರಮ ಮಗುವನ್ನು ಭಯದಿಂದ ಮುಕ್ತಗೊಳಿಸಬೇಕು, ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1969ರ ಟಿಂಕರ್ ಪ್ರಕರಣದಲ್ಲಿ ಒಂದು ಸರಳ ಅಳತೆಗೋಲು ಕೊಟ್ಟಿತ್ತು: ಮಗುವಿನ ಅಭಿವ್ಯಕ್ತಿಯಿಂದ ಶಾಲೆಯ ಕೆಲಸಕ್ಕೆ ನಿಜವಾಗಿ ಅಡ್ಡಿಯಾಗುತ್ತದೆಯೇ?

ಅದನ್ನೇ ನಾವೂ ಪೋಷಕರ ಸಭೆಯಲ್ಲಿ ಕೇಳಬಹುದು. ಬೈಗುಳವಿದ್ದರೆ, ಸುಳ್ಳಿದ್ದರೆ ತೆಗೆಯಲಿ. ಬರೀ ಪ್ರಶ್ನೆಯಾಗಿದ್ದರೆ ಕಾರಣ ಹೇಳಲಿ, ಅದೂ ಮಗುವಿನ ಎದುರಿಗೇ. ಒಬ್ಬರೇ ಕೇಳಿದರೆ ಜಗಳಗಂಟ ಎನ್ನುತ್ತಾರೆ. ನಾಲ್ಕು ಜನ ಸೇರಿ ಕೇಳಿದರೆ ಟೀಚರಿಗೂ ಧೈರ್ಯ ಬರುತ್ತದೆ.