ತಗಡಿಗೆ ಮಾನ ತಂದ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ

ಅಲೆಯಲೆಯಾದ ತಗಡು, ಬೇಲಿಗೆ ಕಟ್ಟುವ ತಂತಿಬಲೆ, ಬಣ್ಣ ಕಾಣದ ಪ್ಲೈವುಡ್ಡು—ಇವನ್ನು ನಾವೆಲ್ಲರೂ ಬಡತನದ ಗುರುತುಗಳೆಂದೇ ಎಣಿಸುತ್ತೇವೆ. ಮುಂಬಯಿಯ ಜೋಪಡಿಯ ಮಾಡಾಗಲಿ, ಹೋಟೆಲಿನ ಹಿತ್ತಲಲ್ಲಿ ಭಟ್ಟಿಯ ಮೇಲಣ ಮರೆಯಾಗಲಿ ಇವುಗಳಿಂದಲೇ ಆಗತಕ್ಕದ್ದು. ಕೈಯಲ್ಲಿ ನಾಲ್ಕು ಕಾಸು ಕೂಡಿದೊಡನೆ ಇವನ್ನು ಕಿತ್ತೆಸೆಯುವುದು ಲೋಕರೂಢಿ. ಅಂಥ ವಸ್ತುಗಳನ್ನೇ ತಮ್ಮ ಮನೆಯ ಮುಂಭಾಗಕ್ಕೆ ತಂದು ನಿಲ್ಲಿಸಿ, ಇವುಗಳಲ್ಲಿಯೂ ಚೆಲುವುಂಟೆಂದು ಸಾಧಿಸಿ ತೋರಿಸಿದವರು ಅಮೇರಿಕೆಯ ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿಯವರು. 2025ನೆಯ ಡಿಸೆಂಬರ್ 5ರಂದು, 96 ವರ್ಷಗಳ ತುಂಬುಬಾಳನ್ನು ಮುಗಿಸಿ ಅವರು ಕೀರ್ತಿಶೇಷರಾದರು. ಊರು ಬಿಟ್ಟು ಬಂದು ದುಡಿಮೆಯನ್ನೇ ನಂಬಿರುವ ನಮ್ಮಂಥವರು ಅರಿತುಕೊಳ್ಳಬೇಕಾದ ಜೀವನವದು.

ಹಗಲು ಲಾರಿ, ರಾತ್ರಿ ಪಾಠ

ಗೆಹ್ರಿಯವರು 1929ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಾತನದು ಕಬ್ಬಿಣದ ಸಾಮಾನಿನ ಅಂಗಡಿ. ಅಜ್ಜಿಯು ಮರದ ಚೂರುಗಳನ್ನು ನೆಲದ ಮೇಲೆ ಸುರಿದುಕೊಂಡು ಮೊಮ್ಮಗನೊಡನೆ ಕುಳಿತು ಮನೆ, ಸೇತುವೆ, ಪಟ್ಟಣಗಳನ್ನು ಕಟ್ಟುವ ಆಟವಾಡುತ್ತಿದ್ದರು. ಅಡಿಗೆಗೆಂದು ಕೊಂಡು ತಂದ ಜೀವಂತ ಮೀನನ್ನು ಅವರು ಸ್ನಾನದ ತೊಟ್ಟಿಯಲ್ಲಿ ಬಿಡುವುದಿತ್ತು. ಅದರ ಮೈಯ ಬಳುಕನ್ನು ಬಾಲಕನು ಗಂಟೆಗಟ್ಟಲೆ ನೋಡುತ್ತಿದ್ದನಂತೆ. ಆ ಬಳುಕು ಮುಂದೆ ಅವರ ಕಟ್ಟಡಗಳಲ್ಲಿ ಮತ್ತೆ ಮತ್ತೆ ತಲೆದೋರಿತು.

1947ರಲ್ಲಿ, ತಂದೆಯ ಆರೋಗ್ಯ ಕೆಟ್ಟ ಕಾರಣ, ಕುಟುಂಬವು ಲಾಸ್ ಏಂಜಲೀಸಿಗೆ ವಲಸೆ ಹೋಯಿತು. ಅಲ್ಲಿ ಯುವಕನು ಸಾಮಾನು ಸಾಗಿಸುವ ಲಾರಿಯನ್ನು ನಡೆಸುತ್ತ, ರಾತ್ರಿಯ ತರಗತಿಗಳಲ್ಲಿ ಕಲಿಯತೊಡಗಿದನು. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಪರಂಪರೆಯುಳ್ಳ ಮುಂಬಯಿ ಕನ್ನಡಿಗರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಂಬಾರಿಕೆಯನ್ನು ಕಲಿಸುತ್ತಿದ್ದ ಗುರುವೊಬ್ಬರು ಈತನ ಒಲವನ್ನು ಗುರುತಿಸಿ ವಾಸ್ತುವಿದ್ಯೆಯ ಕಡೆಗೆ ತಿರುಗಿಸಿದರು. ಮತ್ತೊಬ್ಬ ಅಧ್ಯಾಪಕರಾದರೋ, ಈ ವಿದ್ಯೆ ನಿನಗೆ ಹೇಳಿದ್ದಲ್ಲವೆಂದು ಮುಖಕ್ಕೆ ಹೇಳಿದರು. ಯುವಕನು ಹಿಂಜರಿಯದೆ 1954ರಲ್ಲಿ ಪದವೀಧರನಾದನು.

ಅದೇ ವರ್ಷ ಅವರು ಗೋಲ್ಡ್‌ಬರ್ಗ್ ಎಂಬ ಮನೆತನದ ಹೆಸರನ್ನು ಬಿಟ್ಟು ಗೆಹ್ರಿ ಎಂದಾದರು. ಯೆಹೂದಿಗಳನ್ನು ಹೀನಾಯವಾಗಿ ಕಾಣುವವರು ಆಗ ಆ ದೇಶದಲ್ಲಿಯೂ ಇದ್ದರು. ಹೆಸರು ಕೇಳಿದೊಡನೆ ಬಾಗಿಲು ಮುಚ್ಚಿಕೊಳ್ಳುವ ಅನುಭವ ಪರಸ್ಥಳದಲ್ಲಿ ಬಾಳಿದವರಿಗೆ ಹೊಸದಲ್ಲ. ಆದರೆ ಆ ಬದಲಾವಣೆಯ ಬಗೆಗೆ ಗೆಹ್ರಿಯವರಿಗೆ ಮುಂದೆ ಬಹುಕಾಲ ಖೇದವಿದ್ದಿತು.

ನೆರೆಯವರು ಮುನಿದ ಮನೆ

1962ರಲ್ಲಿ ಅವರು ಸ್ವಂತ ಕಚೇರಿಯನ್ನು ತೆರೆದರು. ಹೊಟ್ಟೆಪಾಡಿಗೆ ಅಂಗಡಿ ಸಂಕೀರ್ಣಗಳನ್ನೂ ಕಟ್ಟಿದರು. ಅವರ ನಿಜವಾದ ಹಾದಿ ಲೋಕಕ್ಕೆ ಕಂಡುದು 1978ರಲ್ಲಿ, ಸಾಂಟಾ ಮೋನಿಕಾದ ಸ್ವಂತ ಮನೆಯಿಂದ. ಅವರು ಕೊಂಡ ಹಳೆಯ ಮನೆಯನ್ನು ಕೆಡಹಲಿಲ್ಲ. ಅದರ ಸುತ್ತ ಅಲೆತಗಡು, ತಂತಿಬಲೆ, ಪ್ಲೈವುಡ್ಡುಗಳ ಹೊಸ ಹೊದಿಕೆಯೊಂದನ್ನು ತೊಡಿಸಿದರು. ಹಳೆಯ ಗೋಡೆಗೂ ಹೊಸ ತಗಡಿಗೂ ನಡುವಣ ಜಾಗವೇ ಅಡಿಗೆಮನೆಯಾಯಿತು. ಅದರ ನೆಲ ರಸ್ತೆಗೆ ಹಾಕುವ ಡಾಂಬರಿನದು! ಮೇಲೆ, ಪೆಟ್ಟಿಗೆಯೊಂದು ಓರೆಯಾಗಿ ಬಿದ್ದಂಥ ಗಾಜಿನ ಕಿಟಕಿ. ನೆರೆಹೊರೆಯವರು ಕೆಂಡವಾದರು. ವಾಸ್ತುಶಿಲ್ಪದ ವಿದ್ಯಾರ್ಥಿಗಳಾದರೋ ದೂರದೂರದಿಂದ ನೋಡಲು ಬಂದರು.

ಗೋಡೆ ನೆಟ್ಟಗಿರಬೇಕು, ಮೂಲೆ ಚೌಕವಾಗಿರಬೇಕು ಎಂಬ ನಿಯಮಗಳನ್ನು ಬಿಚ್ಚಿ ಬೇರೆ ಬಗೆಯಲ್ಲಿ ಜೋಡಿಸುವ ಈ ರೀತಿಗೆ ಪಂಡಿತರು ವಿರಚನಾವಾದವೆಂದು ಹೆಸರಿಟ್ಟರು. 1988ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಏರ್ಪಡಿಸಿದ ಪ್ರದರ್ಶನದಲ್ಲಿ, ಜಹಾ ಹದೀದ್, ಡೇನಿಯಲ್ ಲಿಬೆಸ್ಕಿಂಡ್ ಮೊದಲಾದವರೊಡನೆ ಗೆಹ್ರಿಯವರಿಗೂ ಸ್ಥಾನ ದೊರೆಯಿತು. ಈ ಹಣೆಪಟ್ಟಿಯನ್ನು ಮಾತ್ರ ಅವರು ಒಪ್ಪಿಕೊಳ್ಳಲಿಲ್ಲ. ಮರುವರ್ಷ ವಾಸ್ತುಶಿಲ್ಪದ ಪರಮಗೌರವವಾದ ಪ್ರಿಟ್ಜ್‌ಕರ್ ಪುರಸ್ಕಾರವು ಅವರಿಗೆ ಸಂದಿತು.

ಊರಿಗೆ ಮರುಜೀವ

ಸ್ಪೇನ್ ದೇಶದ ಬಿಲ್ಬಾವೊ ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳ ಊರು. ಅವು ಮುಚ್ಚುತ್ತ ಬಂದಂತೆ ಕೂಲಿಕಾರರು ಕೆಲಸಗೆಟ್ಟರು. ನದಿಯ ದಂಡೆ ಹಾಳುಬಿದ್ದಿತು. ಆ ದಂಡೆಯ ಮೇಲೆಯೇ 1997ರಲ್ಲಿ ಗೆಹ್ರಿಯವರ ಗುಗೆನ್‌ಹೈಮ್ ಕಲಾಸಂಗ್ರಹಾಲಯವು ಎದ್ದುನಿಂತಿತು. ಅದರ ಮೈಗೆ ಹೊದಿಸಿದ ಟೈಟಾನಿಯಂ ತಗಡು ಅರ್ಧ ಮಿಲಿಮೀಟರಿಗಿಂತಲೂ ತೆಳುವಾದುದು. ಬಿಸಿಲು ಮೋಡಗಳಿಗೆ ತಕ್ಕಂತೆ ಅದರ ಬಣ್ಣ ಬದಲಾಗುತ್ತದೆ. ಅಂಥ ಬಾಗುಬಳುಕುಗಳನ್ನು ಅಳೆಯಲು ಅವರ ಕಚೇರಿಯು ಫ್ರಾನ್ಸಿನ ವಿಮಾನ ತಯಾರಕರ ಗಣಕಯಂತ್ರದ ವಿಧಾನವನ್ನು ಬಳಸಿಕೊಂಡಿತು. ಅದರಿಂದ ಪ್ರತಿಯೊಂದು ತುಂಡಿನ ಅಳತೆಯೂ ನಿಖರವಾಗಿ ಕೆಲಸಗಾರರ ಕೈಸೇರಿತು. ಕಟ್ಟಡವು ಗೊತ್ತುಪಡಿಸಿದ ವೆಚ್ಚದೊಳಗೆ ಮುಗಿಯಿತು. ಮೊದಲ ವರ್ಷದಲ್ಲಿಯೇ ಹತ್ತು ಲಕ್ಷಕ್ಕೂ ಮಿಕ್ಕ ಪ್ರೇಕ್ಷಕರು ಬಂದರು. ಅವರ ಹಿಂದೆಯೇ ವಸತಿಗೃಹ, ಉಪಾಹಾರಗೃಹಗಳಿಗೆ ಗಿರಾಕಿಗಳೂ ಬಂದರೆಂಬುದನ್ನು ನಮ್ಮ ವಾಚಕರು ಬೇಗನೆ ಊಹಿಸಬಲ್ಲರು.

ದೋಷಗಳೂ ಇಲ್ಲದಿರಲಿಲ್ಲ. 2003ರಲ್ಲಿ ಲಾಸ್ ಏಂಜಲೀಸಿನಲ್ಲಿ ತೆರೆದ ಡಿಸ್ನಿ ಸಂಗೀತಭವನದ ಉಕ್ಕಿನ ಹೊಳಪು ನೆರೆಮನೆಗಳಿಗೆ ಸುಡುಬಿಸಿಲನ್ನು ಎರಚಿತು. 2005ರಲ್ಲಿ ಆ ಭಾಗವನ್ನು ಉಜ್ಜಿ ಮಂಕುಗೊಳಿಸಬೇಕಾಯಿತು. ಕಟ್ಟಡವೊಂದು ಸೋರುತ್ತಿದೆಯೆಂದು ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯು 2007ರಲ್ಲಿ ದಾವೆ ಹೂಡಿತು. ಅದು ರಾಜಿಯಲ್ಲಿ ಮುಗಿಯಿತು. ಎಷ್ಟೇ ಚೆಲುವಾದರೂ ಸೋರುವ ಮಾಡು ಮನೆಯವರನ್ನು ನೋಯಿಸದೆ ಇರದೆಂಬುದು ನಿಜ.

ಆದರೂ ಗೆಹ್ರಿಯವರ ದೊಡ್ಡ ಕಾಣಿಕೆ ಟೈಟಾನಿಯಮಿನ ಹೊಳಪಿಗಿಂತ ಮೊದಲಿನದು. ಕೈಯಲ್ಲಿ ಹಣವಿಲ್ಲದಾಗ, ಎದುರಿಗಿದ್ದ ಅಗ್ಗದ ತಗಡನ್ನೇ ಅವರು ನಾಚದೆ ಎತ್ತಿಕೊಂಡರು. ಅದನ್ನು ಬೇರೊಂದರ ವೇಷದಲ್ಲಿ ಅಡಗಿಸದೆ, ತಗಡಾಗಿಯೇ ನಾಲ್ವರ ಮುಂದೆ ನಿಲ್ಲಿಸಿದರು. ನಾವು ದಿನವೂ ಮುಟ್ಟುವ ಸಾಮಾನ್ಯ ವಸ್ತುಗಳನ್ನು, ಅವುಗಳೊಡನೆ ನಮ್ಮ ಕೈಕೆಲಸವನ್ನೂ, ಅಷ್ಟೇ ಮರ್ಯಾದೆಯಿಂದ ನೋಡಲು ಕಲಿತರೆ, ಲಾರಿ ನಡೆಸಿ ಓದಿದ ಆ ಹಿರಿಯರನ್ನು ನೆನೆದುದು ಸಾರ್ಥಕವಾದೀತು.