ಸುತ್ತಿಗೆಯೇಟಿಗೆ ತೆರೆಯುತ್ತಿದ್ದ ಬಿಯರ್

ಪ್ರಶ್ನೆ: ರುಚಿಯೇ ಇರಲಿಲ್ಲ ಎನ್ನುವ ಹಳೆಯ ಬಿಯರನ್ನು ಬ್ರಿಟನ್ನಿನ ಹಿರಿಯರು ಈಗಲೂ ನೆನೆಯುವುದೇಕೆ?

ಉತ್ತರ: ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುವುದು ವಾಟ್ನೀಸ್ ಪಾರ್ಟಿ ಸೆವೆನ್. 1968ರಲ್ಲಿ ಬಂದ ಅದು ಏಳು ಪೈಂಟ್, ಅಂದರೆ ಸುಮಾರು 4 ಲೀಟರಿನ ತಗಡಿನ ಡಬ್ಬ. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿದರೆ ನೊರೆ ಬುಸ್ಸೆಂದು ಚಾವಣಿಗೇ ಹಾರುತ್ತಿತ್ತು. ಎಲ್ಲರೂ ಸೇರಿ ನಕ್ಕ ಆ ಗಳಿಗೆ ಮನಸ್ಸಿನಲ್ಲಿ ಉಳಿದಿದೆ, ರುಚಿಯಲ್ಲ. ರುಚಿ ಇಲ್ಲದ್ದಕ್ಕೂ ಕಾರಣವಿತ್ತು: ಆ ಕಾಲದ ಇಂಥ ‘ಕೆಗ್’ ಬಿಯರನ್ನು ಸೋಸಿ, ಪಾಶ್ಚರೀಕರಿಸಿ, ಅನಿಲ ತುಂಬುತ್ತಿದ್ದರು. ಬೇಗ ಕೆಡುತ್ತಿರಲಿಲ್ಲ ನಿಜ. ಆದರೆ ಪೀಪಾಯಿಯಲ್ಲೇ ಹುದುಗಿ ಹದವಾಗುವ ಏಲ್ ಎಂಬ ಸಾಂಪ್ರದಾಯಿಕ ಬಿಯರಿನ ಜೀವಂತಿಕೆ ಅದಕ್ಕೆಲ್ಲಿ? ಈ ಬೇಸರದಿಂದಲೇ 1971ರಲ್ಲಿ ನಾಲ್ವರು ಗೆಳೆಯರು ಅಂಥ ಏಲ್ ಉಳಿಸಲು ‘ಕ್ಯಾಮ್ರಾ’ ಎಂಬ ಚಳವಳಿ ಹುಟ್ಟುಹಾಕಿದರು. ಪೀಪಾಯಿಯ ಏಲ್ ಇಂದಿಗೂ ಅಲ್ಲಿನ ಪಬ್‌ಗಳಲ್ಲಿ ಸಿಗುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.