ಚೀಟಿಯಲ್ಲಿ ಬಂದ ಗುಳಿಗೆ

ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಮುಧೋಳ, ಮಹಾಲಿಂಗಪುರ, ರಬಕವಿ ಸೀಮೆಯ ರೈತರಿಗೆ ತಳಿ ಪರೀಕ್ಷೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಪಟ್ಟಿಯಲ್ಲಿ ಗೊತ್ತಿರುವ ಕೋ 86032, ಪಕ್ಕದ ಪಟ್ಟಿಯಲ್ಲಿ ಹೊಸ ತಳಿ. ನೀರು, ಗೊಬ್ಬರ, ಕಳೆ ತೆಗೆಯುವ ದಿನ ಎರಡಕ್ಕೂ ಒಂದೇ. ಒಳ್ಳೆಯ ಎರೆ ಮಣ್ಣನ್ನೆಲ್ಲ ಹೊಸ ತಳಿಗೆ ಕೊಟ್ಟು, ಸವಳು ಹಿಡಿದ ಮೂಲೆಯನ್ನು ಹಳೆಯದಕ್ಕೆ ಬಿಟ್ಟರೆ ಆ ಹೋಲಿಕೆಯನ್ನು ಊರಲ್ಲಿ ಯಾರೂ ಒಪ್ಪುವುದಿಲ್ಲ.

ವೈದ್ಯರು ಈ ಪಾಠವನ್ನು ಹೊಲದಿಂದಲೇ ಕಲಿತರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, ಯಾವ ಮಡಿಗೆ ಯಾವ ಗೊಬ್ಬರ ಎಂಬುದನ್ನು ಮನುಷ್ಯ ಆರಿಸಬಾರದು, ಚೀಟಿ ಎತ್ತಿ ನಿರ್ಧರಿಸಬೇಕು ಎಂದು 1920ರ ದಶಕದಲ್ಲಿ ವಾದಿಸಿದರು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಅಧ್ಯಯನದಲ್ಲಿ ಕ್ಷಯರೋಗಿಗಳನ್ನು ಇದೇ ರೀತಿ ಎರಡು ಗುಂಪು ಮಾಡಲಾಯಿತು. ಚೀಟಿ ಏಕೆ ಬೇಕೆಂದರೆ, ವೈದ್ಯರಿಗೂ ಒಲವು ಇರುತ್ತದೆ. ಬದುಕುವ ಲಕ್ಷಣವಿರುವವರನ್ನೇ ಹೊಸ ಮದ್ದಿಗೆ ಆರಿಸಿದರೆ ಮದ್ದು ಗೆದ್ದಂತೆ ಕಾಣುತ್ತದೆ. ಕೈಬಿಟ್ಟವರಿಗೇ ಅದನ್ನು ಕೊಟ್ಟರೆ ಸೋತಂತೆ ಕಾಣುತ್ತದೆ. ಎರಡೂ ಸುಳ್ಳು.

ಆ ಚೀಟಿ ನಮ್ಮ ಭಾಗದ ಹಳ್ಳಿಗಳಿಗೂ ಬಂದಿದೆ. ಹೆರಿಗೆಯ ವಿಷಯದಲ್ಲಿ ಜಗತ್ತು ಇಂದು ಅನುಸರಿಸುವ ಕೆಲವು ತೀರ್ಮಾನಗಳ ಹಿಂದೆ ಬೆಳಗಾವಿ ಸೀಮೆಯ ಸಾವಿರಾರು ತಾಯಂದಿರ ಒಪ್ಪಿಗೆ ಇದೆ. ಇದು ಇಲ್ಲಿನ ಮನೆಗಳಲ್ಲೇ ಹೆಚ್ಚು ಜನರಿಗೆ ತಿಳಿದಿಲ್ಲ ಎಂಬುದು ಬೇಸರದ ಸಂಗತಿ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾದ ಕೆಎಲ್‌ಇ ಸಂಸ್ಥೆ. ತಾಯಿ ಮತ್ತು ಮಗುವಿನ ಆರೋಗ್ಯ ಸಂಶೋಧನೆಗಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನೆರವಿನಿಂದ 2001ರಲ್ಲಿ ಹುಟ್ಟಿದ ಗ್ಲೋಬಲ್ ನೆಟ್‌ವರ್ಕ್ ಎಂಬ ಒಕ್ಕೂಟದಲ್ಲಿ ಅದೂ ಒಂದು ಕೇಂದ್ರವಾಯಿತು. ಅಲ್ಲಿನ ವೈದ್ಯರು ಮೊದಲು ಕೈಗೆತ್ತಿಕೊಂಡದ್ದು ಹಳ್ಳಿಯ ಸೂಲಗಿತ್ತಿಗೂ ಗೊತ್ತಿದ್ದ ಭಯವನ್ನು. ಮಗು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಆಗಲೇ ಕಸ ಅಂಟಿದ್ದ ಜಾಗದ ರಕ್ತನಾಳಗಳು ಹಿಂಡಿದಂತಾಗಿ ಮುಚ್ಚಿಕೊಳ್ಳುತ್ತವೆ. ಅದು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ, ಬಾಣಂತಿ ಕೆಲವೇ ಗಂಟೆಗಳಲ್ಲಿ ಕೈತಪ್ಪಬಹುದು.

ಆಸ್ಪತ್ರೆಯಲ್ಲಿ ಇದಕ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು ಇತ್ತು. ಆದರೆ ಅದನ್ನು ತಣ್ಣಗೆ ಇಡಬೇಕು, ಚುಚ್ಚಲು ತರಬೇತಾದ ಕೈ ಬೇಕು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ದಾದಿಯೊಬ್ಬಳೇ ಮಾಡಿಸುತ್ತಿದ್ದ ಹೆರಿಗೆಗಳಿಗೆ ಅದು ಆಗ ಎಟುಕುತ್ತಿರಲಿಲ್ಲ. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗಾದರೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಅದು ನಿಜಕ್ಕೂ ರಕ್ತಸ್ರಾವ ತಡೆಯುತ್ತದೆಯೇ ಎಂಬುದೇ ಪ್ರಶ್ನೆ.

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರು ಆ ಪರೀಕ್ಷೆಗೆ ಸೇರಿದರು. 812 ಮಂದಿಗೆ ಹೆರಿಗೆಯಾದ ತಕ್ಷಣ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಸಿಕ್ಕಿತು, 808 ಮಂದಿಗೆ ಅದರಂತೆಯೇ ಕಾಣುವ, ಮದ್ದಿಲ್ಲದ ಹುಸಿಗುಳಿಗೆ ಸಿಕ್ಕಿತು. ಯಾರಿಗೆ ಯಾವುದು ಎಂಬುದು ನುಂಗಿದವಳಿಗೂ ತಿಳಿದಿರಲಿಲ್ಲ, ಕೊಟ್ಟ ದಾದಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಎಣಿಕೆ ತಾನಾಗಿಯೇ ಒಂದು ಕಡೆಗೆ ವಾಲುತ್ತದೆ. ಮದ್ದು ತೆಗೆದುಕೊಂಡವಳ ರಕ್ತ ಕಣ್ಣಿಗೆ ಕಡಿಮೆ ಕಾಣುತ್ತದೆ.

ಕಣ್ಣಿನ ಅಳತೆಯನ್ನು ನಂಬುವಂತಿಲ್ಲ ಎಂಬುದನ್ನೂ ಇದೇ ತಂಡ ತೋರಿಸಿತು. ಹೆರಿಗೆಯ ನಂತರ ಬಾಣಂತಿಯ ಕೆಳಗೆ ಹಾಸಿ, ಹರಿದ ರಕ್ತವನ್ನು ಮಿಲಿಲೀಟರ್ ಗೆರೆಗಳಿರುವ ಚೀಲದಲ್ಲಿ ಹಿಡಿಯುವ ಪ್ಲಾಸ್ಟಿಕ್ ಹಾಸೊಂದನ್ನು ಅವರು ರೂಪಿಸಿದರು. ಬ್ರಾಸ್-ವಿ ಎಂಬ ಅದರ ಹೆಸರು ಏಳು ಸಂಶೋಧಕರ ಹೆಸರುಗಳ ಮೊದಲಕ್ಷರಗಳಿಂದ ಆದದ್ದು. ಕಣ್ಣಂದಾಜಿನ ಲೆಕ್ಕ ಈ ಚೀಲದ ಲೆಕ್ಕಕ್ಕಿಂತ ಶೇ 33ರಷ್ಟು ಕಡಿಮೆ ಬರುತ್ತದೆ ಎಂದು ಅದನ್ನು ಬಳಸಿ ನಡೆಸಿದ ಹೋಲಿಕೆಯಲ್ಲಿ ಕಂಡಿತು. ಅಪಾಯದ ಮೂರನೆಯ ಒಂದು ಪಾಲು ಕಣ್ಣಿಗೆ ಬೀಳದೇ ಹೋಗುತ್ತಿತ್ತು ಎಂದರ್ಥ. ಇಷ್ಟು ಸರಳವಾದ, ಇಷ್ಟು ಉಪಯುಕ್ತವಾದ ಸಾಧನ ನಮ್ಮ ಭಾಗದಲ್ಲೇ ರೂಪುಗೊಂಡದ್ದು ಶಾಲೆಯ ಪಾಠದಲ್ಲಿ ಬರಬೇಕಾದ ಸಂಗತಿ.

2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಸಿಗುಳಿಗೆಯ ಗುಂಪಿನಲ್ಲಿ ಶೇ 12 ಮಂದಿಗೆ ಅತಿ ರಕ್ತಸ್ರಾವ ಆಗಿದ್ದರೆ, ಮದ್ದಿನ ಗುಂಪಿನಲ್ಲಿ ಅದು ಶೇ 6.4. ತೀವ್ರ ರಕ್ತಸ್ರಾವ ಶೇ 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಸಿಕ್ಕಿತು. ನಡುಕ ಮತ್ತು ಜ್ವರ ಮದ್ದಿನ ಗುಂಪಿನಲ್ಲಿ ಹೆಚ್ಚು ಇದ್ದವು, ಆದರೆ ಬಂದ ಹಾಗೆಯೇ ಇಳಿದುಹೋದವು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹುಸಿಗುಳಿಗೆ ಸಿಕ್ಕ 808 ಮಂದಿಗೆ ಅನ್ಯಾಯವಾಗಲಿಲ್ಲವೇ? ಈ ಪ್ರಶ್ನೆಯನ್ನು ಕೇಳಲೇಬೇಕು. ಗುಣವಿದೆ ಎಂದು ಸಿದ್ಧವಾದ ಮದ್ದು ಕೈಯಲ್ಲಿದ್ದೂ ಅದನ್ನು ತಡೆದು ಹುಸಿಗುಳಿಗೆ ಕೊಟ್ಟರೆ ಅದು ಅಪರಾಧ. ಇಲ್ಲಿ ಆ ಹೆರಿಗೆಗಳಿಗೆ ಅಂದು ಯಾವ ಮದ್ದೂ ಸಿಗುತ್ತಿರಲಿಲ್ಲ, ಮಿಸೊಪ್ರೊಸ್ಟಾಲ್ ಅಂಥ ಕಡೆ ಕೆಲಸ ಮಾಡುತ್ತದೆಯೇ ಎಂಬುದು ಯಾರಿಗೂ ಖಚಿತವಿರಲಿಲ್ಲ. ಆ ಅನಿಶ್ಚಯ ಪ್ರಾಮಾಣಿಕವಾಗಿದ್ದಾಗ ಮಾತ್ರ ಚೀಟಿ ಎತ್ತುವುದು ನ್ಯಾಯ.

ಗೊತ್ತಿದೆ ಎಂದುಕೊಂಡದ್ದು ಹೇಗೆ ತಿರುಗಿ ಬೀಳಬಹುದು ಎಂಬುದಕ್ಕೆ ಇದೇ ಬೆಳಗಾವಿ ಪಾಲ್ಗೊಂಡ ಇನ್ನೆರಡು ಪರೀಕ್ಷೆಗಳು ಸಾಕ್ಷಿ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆ ಕಂಡರೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ; ಮಗುವಿನ ಶ್ವಾಸಕೋಶ ಬೇಗ ಪಕ್ವವಾಗುತ್ತದೆ. ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ ಇದು ಮಕ್ಕಳನ್ನು ಉಳಿಸಿತ್ತು. ಹಾಗಾದರೆ ಹಳ್ಳಿಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಕೊಟ್ಟರೆ ಇನ್ನಷ್ಟು ಮಕ್ಕಳು ಉಳಿಯಬೇಕಲ್ಲ? ಆರು ದೇಶಗಳಲ್ಲಿ, ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರದಲ್ಲಿ, 2011ರಿಂದ 2014ರವರೆಗೆ ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡು ‘ಆಕ್ಟ್’ ಎಂಬ ಪರೀಕ್ಷೆ ನಡೆಯಿತು. ಇಲ್ಲಿ ಚೀಟಿ ಎತ್ತಿದ್ದು ಒಬ್ಬೊಬ್ಬ ಗರ್ಭಿಣಿಗಲ್ಲ, ಇಡೀ ಊರುಗಳ ಗುಂಪಿಗೆ.

2015ರಲ್ಲಿ ಬಂದ ಉತ್ತರ ಎಲ್ಲರನ್ನೂ ತಡೆದು ನಿಲ್ಲಿಸಿತು. ತೀರಾ ಸಣ್ಣ ಮಕ್ಕಳ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಒಟ್ಟಾರೆ ನೋಡಿದರೆ, ಮೊದಲ 28 ದಿನಗಳಲ್ಲಿ ತೀರಿಕೊಂಡ ಶಿಶುಗಳು ಸಾವಿರಕ್ಕೆ 23.9ರ ಬದಲು 27.4 ಆಗಿದ್ದವು. ಮದ್ದು ಹಂಚಿದ ಕಡೆಯೇ ಸಾವು ಹೆಚ್ಚು. ದಿನ ತುಂಬಿಯೇ ಹೆರುವವರಿದ್ದ ಅನೇಕ ತಾಯಂದಿರಿಗೂ ಚುಚ್ಚುಮದ್ದು ಹೋಗಿತ್ತು. ಹಳ್ಳಿಯಲ್ಲಿ ಗರ್ಭದ ವಾರಗಳನ್ನು ಸರಿಯಾಗಿ ಲೆಕ್ಕ ಹಾಕುವುದೇ ಕಷ್ಟ. ತಾಯಂದಿರ ಸೋಂಕಿನ ಶಂಕೆಯೂ ಹೆಚ್ಚಿತ್ತು.

ಮದ್ದನ್ನೇ ಬಿಟ್ಟುಬಿಡಬೇಕೇ? ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಪರೀಕ್ಷೆಗೆ ಇಳಿಯಿತು. 2017ರ ಕೊನೆಯಿಂದ 2019ರವರೆಗೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗ್ ಮೂಲಕ ವಾರ ಲೆಕ್ಕ ಹಾಕಿ, ನವಜಾತ ಶಿಶುಗಳ ಆರೈಕೆ ಇದ್ದಲ್ಲಿ ಮಾತ್ರ, 2,852 ಮಹಿಳೆಯರು ಪಾಲ್ಗೊಂಡ ‘ಆಕ್ಷನ್-1’ ನಡೆಯಿತು. ಬೆಳಗಾವಿಯೂ ಅದರಲ್ಲಿತ್ತು. ಈ ಬಾರಿ ಶಿಶುಗಳ ಸಾವು ಹುಸಿಮದ್ದಿನ ಗುಂಪಿನಲ್ಲಿ ಶೇ 23.5, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದ ಗುಂಪಿನಲ್ಲಿ ಶೇ 19.6. ಲಾಭ ಸ್ಪಷ್ಟವಾಗುತ್ತಲೇ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಇಂಥ ಪರೀಕ್ಷೆಗಳಿಗೆ ಸಂಶೋಧಕರಿಂದ ಹೊರಗಿನ ತಜ್ಞರ ಸಮಿತಿಯೊಂದು ಇರುತ್ತದೆ. ಅಂಕಿಅಂಶಗಳನ್ನು ಆಗಾಗ ತೆರೆದು ನೋಡಿ, ನಿಲ್ಲಿಸಿ ಎನ್ನುವುದು ಅದರ ಕೆಲಸ. ಅದೇ ವರ್ಗದ ಮದ್ದು ಒಂದು ಕಡೆ ಹಾನಿಯತ್ತ ವಾಲಿತು, ಇನ್ನೊಂದು ಕಡೆ ಜೀವ ಉಳಿಸಿತು. ಯಾರಿಗೆ, ಎಲ್ಲಿ, ಯಾವ ವಾರದಲ್ಲಿ ಎಂಬುದೇ ಅಂತರ. ಈ ಎರಡನೆಯ ಉತ್ತರಕ್ಕಿಂತ ಮೊದಲನೆಯದರ ಬೆಲೆ ಕಡಿಮೆಯಲ್ಲ.

ಚೊಚ್ಚಲ ಗರ್ಭಿಣಿಯರಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದ ಪರೀಕ್ಷೆ ಇನ್ನೊಂದು. 2016ರಿಂದ 2018ರವರೆಗೆ ಆರು ದೇಶಗಳಲ್ಲಿ 11,976 ಮಂದಿ ಸೇರಿದ್ದ ಇದರಲ್ಲಿ ಅವಧಿಪೂರ್ವ ಹೆರಿಗೆ ಶೇ 13.1ರಿಂದ 11.6ಕ್ಕೆ ಇಳಿಯಿತು. ಕೇಳಲು ಸುಲಭ. ಆದರೆ ನಮ್ಮ ಭಾಗದಲ್ಲಿ ಮೊದಲ ಹೆರಿಗೆ ತವರಿನಲ್ಲಿ. ಕುಬಸ ಮುಗಿಸಿ, ಮಡಿಲು ತುಂಬಿಸಿಕೊಂಡ ಹುಡುಗಿ ಜಮಖಂಡಿಯಿಂದ ಅಥಣಿಗೋ, ಬೀಳಗಿಯಿಂದ ಸಾಂಗಲಿ ಕಡೆಗೋ ಹೊರಟರೆ ಅವಳ ಗುಳಿಗೆ, ಅವಳ ತೂಕ, ಅವಳ ಹೆರಿಗೆಯ ದಿನ ಎಲ್ಲವನ್ನೂ ಹಿಂಬಾಲಿಸಬೇಕು. ಕಬ್ಬು ಕಡಿಯಲು ಗ್ಯಾಂಗಿನೊಂದಿಗೆ ಬಂದು ಹಂಗಾಮು ಮುಗಿದ ಮೇಲೆ ಹೊರಟುಹೋಗುವ ಕುಟುಂಬಗಳದ್ದು ಇನ್ನೂ ಕಷ್ಟ. ಅರ್ಧಕ್ಕೆ ಕಳೆದುಹೋದವರು ಹೆಚ್ಚಾದಷ್ಟೂ ಉತ್ತರ ಮಸುಕಾಗುತ್ತದೆ. ಆಶಾ ಕಾರ್ಯಕರ್ತೆ ಮತ್ತು ಊರಿನ ದಾದಿ ಇಲ್ಲದಿದ್ದರೆ ಹಳ್ಳಿಗಳ ಇಂಥ ಸಂಶೋಧನೆ ಒಂದು ತಿಂಗಳೂ ನಡೆಯದು. ಪ್ರಬಂಧದ ಲೇಖಕರ ಸಾಲಿನಲ್ಲಿ ಅವರ ಹೆಸರು ಬರುವುದಿಲ್ಲ.

ಬಾಗಲಕೋಟೆಯೂ ಈ ನಕ್ಷೆಯಲ್ಲಿ ಇದೆ. ಬಿವಿವಿ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಕೆಎಲ್‌ಇ ಮತ್ತು ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯ ನಡೆಸಿದ ‘ರ‍್ಯಾಪಿಡ್‌ಐರನ್’ ಪರೀಕ್ಷೆಯಲ್ಲಿ ಪಾಲುಗೊಂಡಿತು. “ಮೈಯಾಗ ರಗತ ಇಲ್ಲ” ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದಿನವೂ ಕೇಳಿಬರುವ ಮಾತೇ ಇದರ ವಿಷಯ. ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕಬ್ಬಿಣದ ಗುಳಿಗೆ ಉಚಿತವಾಗಿ ಸಿಗುತ್ತದೆ, ಆದರೆ ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗುವುದು ಎಂದು ಹಲವರು ನಿಲ್ಲಿಸಿಬಿಡುತ್ತಾರೆ. ಹಾಗಾದರೆ ಒಂದೇ ಬಾರಿ ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟುಬಿಟ್ಟರೆ? ಕರ್ನಾಟಕ ಮತ್ತು ರಾಜಸ್ಥಾನದ 4,320 ಗರ್ಭಿಣಿಯರನ್ನು ಮೂರು ಗುಂಪು ಮಾಡುವುದು ಯೋಜನೆಯಾಗಿತ್ತು: ಒಂದಕ್ಕೆ ಎಂದಿನ ಗುಳಿಗೆ, ಉಳಿದೆರಡಕ್ಕೆ ಎರಡು ಬೇರೆ ಬೇರೆ ಬಗೆಯ ಕಬ್ಬಿಣದ ಡ್ರಿಪ್. ಇಲ್ಲಿ ಯಾರಿಗೂ ಹುಸಿಮದ್ದಿಲ್ಲ, ಏಕೆಂದರೆ ರಕ್ತಹೀನತೆಗೆ ಕಬ್ಬಿಣ ಬೇಕು ಎಂಬುದರಲ್ಲಿ ಸಂಶಯವೇ ಇಲ್ಲ. ಆ ತಾಯಂದಿರ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಗಮನಿಸಲು ಇನ್ನೊಂದು ಅಧ್ಯಯನವೂ ಅದಕ್ಕೆ ಜೋಡಿಯಾಯಿತು.

ಕಂಪನಿ ನಡೆಸುವ ಪರೀಕ್ಷೆಗೂ ಕಾಲೇಜು ನಡೆಸುವುದಕ್ಕೂ ಇರುವ ವ್ಯತ್ಯಾಸ ಈ ಉದಾಹರಣೆಗಳಲ್ಲೇ ಕಾಣುತ್ತದೆ. ಕಂಪನಿ ತನ್ನ ಹೊಸ ಅಣುವನ್ನು ಮಾರುಕಟ್ಟೆಗೆ ತರಲು ಪರೀಕ್ಷೆ ಮಾಡುತ್ತದೆ. ಮಿಸೊಪ್ರೊಸ್ಟಾಲ್, ಆಸ್ಪಿರಿನ್, ಡೆಕ್ಸಾಮೆಥಾಸೋನ್ ಎಲ್ಲವೂ ಹಳೆಯ, ಅಗ್ಗದ ಮದ್ದುಗಳು. ಅವುಗಳ ಹೊಸ ಉಪಯೋಗ ಹುಡುಕಲು ಲಾಭದ ಆಸೆಯುಳ್ಳ ಯಾರೂ ಕೋಟಿಗಟ್ಟಲೆ ಸುರಿಯುವುದಿಲ್ಲ. ವಿಶ್ವವಿದ್ಯಾಲಯಗಳು ಮಾಡದಿದ್ದರೆ ಆ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಇಂಥ ಪ್ರಯತ್ನಗಳನ್ನು ಶೈಕ್ಷಣಿಕ ಪರೀಕ್ಷೆ ಎಂದು ಬೇರೆಯಾಗಿ ಗುರುತಿಸುತ್ತವೆ. ಈಗಾಗಲೇ ಅನುಮತಿ ಪಡೆದ ಔಷಧದ ಹೊಸ ಬಳಕೆಯನ್ನು ಮಾರಾಟದ ಉದ್ದೇಶವಿಲ್ಲದೆ ಪರೀಕ್ಷಿಸುವಾಗ ನೈತಿಕ ಸಮಿತಿಯ ಒಪ್ಪಿಗೆಯೇ ಮುಖ್ಯ.

ಆದ್ದರಿಂದ ಆ ಸಮಿತಿ ಗಟ್ಟಿಯಾಗಿರಬೇಕು. ಕನಿಷ್ಠ ಏಳು ಮಂದಿ, ಅವರಲ್ಲಿ ಅರ್ಧದಷ್ಟಾದರೂ ಸಂಸ್ಥೆಯ ಹೊರಗಿನವರು, ಒಬ್ಬ ಮಹಿಳೆ, ಒಬ್ಬ ಕಾನೂನು ತಿಳಿದವರು, ಒಬ್ಬ ಸಾಮಾನ್ಯ ಪ್ರಜೆ ಇರಬೇಕೆಂದು ನಿಯಮ ಹೇಳುತ್ತದೆ. ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಾದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿದ ನಂತರವೇ ಹೆಬ್ಬೆಟ್ಟು. ಒಂದು ಪ್ರತಿ ರೋಗಿಯ ಕೈಗೆ. ಪರೀಕ್ಷೆಯಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಹಾನಿಗೆ ಪರಿಹಾರ. ಬೇಡವೆನಿಸಿದ ದಿನ ಹೊರಬರಬಹುದು, ಅದರಿಂದ ಆಸ್ಪತ್ರೆಯ ಎಂದಿನ ಚಿಕಿತ್ಸೆ ನಿಲ್ಲುವಂತಿಲ್ಲ.

“ನಮ್ಮ ಮ್ಯಾಲ ಪ್ರಯೋಗ ಮಾಡ್ತಾರ” ಎಂಬ ಅಂಜಿಕೆ ಸುಳ್ಳಲ್ಲ. ಅದನ್ನು ನಗೆಯಾಡುವ ವೈದ್ಯನನ್ನು ನಂಬಬಾರದು. ಅತ್ತೆಯೋ ಗಂಡನೋ ಹೂಂ ಎಂದರು ಎಂಬ ಕಾರಣಕ್ಕೆ ಸೊಸೆಯ ಸಹಿ ಪಡೆಯುವುದು ಒಪ್ಪಿಗೆಯಲ್ಲ. ಸಹಿಗೆ ಮೊದಲು ಆಕೆ ಕೇಳಬೇಕಾದ್ದು ಇಷ್ಟು: ಇದರಲ್ಲಿ ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ, ಸೇರಿದರೆ ಏನು ಬದಲಾಗುತ್ತದೆ, ತವರಿಗೆ ಹೋದಾಗ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು, ಕೊನೆಗೆ ಫಲಿತಾಂಶವನ್ನು ನನಗೆ ಯಾರು ಹೇಳುತ್ತಾರೆ.

ಈ ಕೊನೆಯ ಪ್ರಶ್ನೆಯಲ್ಲೇ ನಮ್ಮ ವ್ಯವಸ್ಥೆ ಹಿಂದೆ ಬಿದ್ದಿದೆ. 2009ರ ಜೂನ್ 15ರಿಂದ ದೇಶದ ಪ್ರತಿ ಕ್ಲಿನಿಕಲ್ ಟ್ರಯಲ್ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಿಟಿಆರ್‌ಐ ನೋಂದಣಿಯಲ್ಲಿ ಮೊದಲೇ ದಾಖಲಾಗಬೇಕು, ಯಾರು ಬೇಕಾದರೂ ಅದನ್ನು ಉಚಿತವಾಗಿ ನೋಡಬಹುದು. ಆದರೆ ಅಲ್ಲಿನ ವಿವರ ಇಂಗ್ಲಿಷಿನಲ್ಲಿದೆ, ‘ಲ್ಯಾನ್ಸೆಟ್’ ಇಂಗ್ಲಿಷಿನಲ್ಲಿದೆ. ರಕ್ತ ಕೊಟ್ಟವರ ಊರಿಗೆ ಉತ್ತರ ಮರಳುವ ದಾರಿ ಮಾತ್ರ ಯಾರ ಯೋಜನೆಯಲ್ಲೂ ಕಡ್ಡಾಯವಾಗಿಲ್ಲ. ಪ್ರತಿ ಪರೀಕ್ಷೆಯ ಬಜೆಟ್ಟಿನಲ್ಲೇ ಇದಕ್ಕೆ ಹಣ ಇಡಬೇಕು. ಎರಡು ಪುಟದ ಕನ್ನಡ ಕರಪತ್ರವೊಂದನ್ನು ಅಚ್ಚು ಹಾಕಿಸಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಕೊಟ್ಟು, ತಾಯಿ ಕಾರ್ಡ್ ಹಿಡಿದು ಸಾಲಿನಲ್ಲಿ ನಿಂತವರಿಗೆ ಓದಿ ಹೇಳಿಸುವುದು ಡ್ರಿಪ್ ಹಾಕುವುದಕ್ಕಿಂತ ಕಷ್ಟದ ಕೆಲಸವಲ್ಲ.